ಉದ್ದ ಶಾಫ್ಟ್‌ಗಳ ಟೇಪರ್ ಕೆಲಸದಲ್ಲಿ ಬದಲಾವಣೆ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಉದ್ದ ಶಾಫ್ಟ್‌ಗಳ ಟೇಪರನ್ನು (ಒಂದು ತುದಿಯತ್ತ ಕಿರಿದಾಗುವ ಓರೆಯನ್ನು) ನಾವು ಟೈಲ್‌ಸ್ಟಾಕ್ (ಲೇತ್‌ನಲ್ಲಿ ಶಾಫ್ಟ್‌ನ ಕೊನೆಯ ತುದಿಗೆ ಆಸರೆ ಕೊಡುವ ಭಾಗ) ಸರಿಸಿ ಮಾಡುವುದಿಲ್ಲ. ಲೇತ್‌ನ ಹಿಂಬದಿಗೆ ಟೇಪರ್ ಟರ್ನಿಂಗ್ ಅಟ್ಯಾಚ್‌ಮೆಂಟ್ ಕೂರಿಸಿದ್ದೇವೆ. ಇನ್ನು ಆ ಕೆಲಸವೆಲ್ಲ ಅದರಲ್ಲೇ.

ಕಾರಣ ನಿಮಗೂ ಗೊತ್ತಿರಬೇಕು. ಹೋದ ಮಳೆಗಾಲದಲ್ಲಿ ನಮ್ಮ ಒಂದು ಲಾಟ್ ವಾಪಸ್ ಬಂತು. ಇಎನ್8 ಉಕ್ಕಿನ ಶಾಫ್ಟ್, ಉದ್ದ 700 ಮಿ.ಮೀ., ಅದರಲ್ಲಿ 300 ಮಿ.ಮೀ. ಟೇಪರ್, ವ್ಯಾಸ 40ರಿಂದ 34 ಮಿ.ಮೀ.ಗೆ. ಟೇಪರ್ ಸರಿ ಕೂರುತ್ತದೆಯೇ ನೋಡಲು ಶಾಫ್ಟ್‌ಗೆ ನೀಲಿ ಬಣ್ಣ ಬಳಿದು, ಅದೇ ಟೇಪರ್‌ನ ಸ್ಲೀವ್ (ಮೇಲೆ ಕೂರುವ ಕೊಳವೆ) ಹಾಕಿ ತೆಗೆದೆವು; ಮುಟ್ಟಿದ ಕಡೆ ನೀಲಿ ಅಳಿಯುತ್ತದೆ. ಕೆಲವು ಶಾಫ್ಟ್‌ಗಳಲ್ಲಿ ಸಣ್ಣ ತುದಿಯಲ್ಲಿ ಮಾತ್ರ ನೀಲಿ ಅಳಿಸಿತ್ತು, ಮಿಕ್ಕ ಕಡೆ ಬಳಿದ ಹಾಗೇ ಇತ್ತು. ನೋಡಿ ನಿಜಕ್ಕೂ ಬೇಜಾರಾಯಿತು.

ಟರ್ನರ್ ತಪ್ಪು ಮಾಡಿರಲಿಲ್ಲ. ಟೈಲ್‌ಸ್ಟಾಕನ್ನು 7 ಮಿ.ಮೀ. ಸರಿಸಿದ್ದರು, ಲೆಕ್ಕ ಸರಿಯಾಗೇ ಇತ್ತು. ಆದರೆ ಆ ಲೆಕ್ಕ ನಿಂತಿರುವುದು ಜಾಬ್‌ನ (ಲೇತ್‌ಗೆ ಕಟ್ಟಿದ ಶಾಫ್ಟ್‌ನ) ಪೂರ್ತಿ ಉದ್ದದ ಮೇಲೆ. ಬಾರ್ 5 ಮಿ.ಮೀ. ಜಾಸ್ತಿ ಇದ್ದರೂ ಸಾಕು, ಸಣ್ಣ ತುದಿ 40 ಮೈಕ್ರಾನ್‌ಗೂ ಹೆಚ್ಚು ದಪ್ಪ ಉಳಿಯುತ್ತದೆ. ಸೆಂಟರ್ (ಶಾಫ್ಟ್‌ನ ತುದಿಯ ತೂತಿನಲ್ಲಿ ಕೂತು ಅದನ್ನು ಹಿಡಿಯುವ ಮೊನೆ) ಬೇರೆ ಓರೆಯಾಗಿ ಕೂರುವುದರಿಂದ ಆ ತೂತು, ಅಂದರೆ ಸೆಂಟರ್ ಹೋಲ್, ಸಮನಾಗಿ ಸವೆಯುವುದಿಲ್ಲ. ಅಟ್ಯಾಚ್‌ಮೆಂಟ್‌ನಲ್ಲಿ ಈ ತಾಪತ್ರಯ ಇಲ್ಲ. ಎರಡೂ ಸೆಂಟರ್ ನೇರವಾಗಿರುತ್ತವೆ, ಹಿಂದಿನ ಗೈಡ್ ಪಟ್ಟಿ ಎಷ್ಟು ವಾಲಿದೆಯೋ ಟೂಲ್ ಅಷ್ಟೇ ಒಳಗೆ ಹೋಗುತ್ತದೆ. ಬಾರ್ ಉದ್ದ ಹೆಚ್ಚುಕಮ್ಮಿ ಆದರೂ ಟೇಪರ್ ಅದೇ.

ಇನ್ನೊಂದು ವಿಷಯ, ಬಿಸಿ. ರಫ್ ಕಟ್‌ನಲ್ಲಿ (ಮೊದಲ ಒರಟು ಕಟ್) ಅಂಥ ಶಾಫ್ಟ್ 30 ಡಿಗ್ರಿ ಹೆಚ್ಚು ಕಾದರೆ ಸುಮಾರು ಕಾಲು ಮಿ.ಮೀ. ಉದ್ದವಾಗುತ್ತದೆ. ಎರಡು ಸೆಂಟರ್ ನಡುವೆ ಜಾಗ ಸಾಲದೆ ನಡುವೆ ಬಾಗುತ್ತದೆ. ಹಾಗಾಗಿ ರಫ್ ಆದ ಮೇಲೆ ಟೈಲ್‌ಸ್ಟಾಕ್ ಸಡಿಲಿಸಿ, ಪೂರ್ತಿ ಆರಲು ಬಿಟ್ಟು, ಆಮೇಲೆ ಫಿನಿಶ್ ಕಟ್ ಹಾಕುತ್ತೇವೆ. ಅಳತೆ ಮಾರನೇ ದಿನ ಬೆಳಿಗ್ಗೆ. ಇದರಿಂದ ಡೆಲಿವರಿ ಎರಡು ದಿನ ತಡವಾಗುತ್ತದೆ, ದಯವಿಟ್ಟು ಸಹಕರಿಸಿ.

ದರ ಅದೇ ಇರುತ್ತದೆ. ಟೇಪರ್ 350 ಮಿ.ಮೀ. ದಾಟಿದರೆ ಮಾತ್ರ ಎರಡು ಸಲ ಸೆಟ್ಟಿಂಗ್ ಮಾಡಬೇಕು, ಅದಕ್ಕೆ ಬೇರೆ ದರ ಹೇಳುತ್ತೇವೆ.

ಡ್ರಾಯಿಂಗ್‌ನಲ್ಲಿ ದಯವಿಟ್ಟು ಡಿಗ್ರಿ ಬರೆಯಬೇಡಿ. ಎರಡು ತುದಿಯ ವ್ಯಾಸ, ನಡುವಿನ ಉದ್ದ ಕೊಡಿ. ಮೇಲೆ ಹೇಳಿದ ಶಾಫ್ಟ್‌ನ ಓರೆ ಒಂದು ಬದಿಗೆ 34 ನಿಮಿಷ (ಕೋನದ ಅಳತೆ, 60 ನಿಮಿಷಕ್ಕೆ ಒಂದು ಡಿಗ್ರಿ). ಅದನ್ನೇ ಸುಮ್ನೆ ‘ಅರ್ಧ ಡಿಗ್ರಿ’ ಅಂತ ಬರೆದರೆ ಸಣ್ಣ ತುದಿ ಮುಕ್ಕಾಲು ಮಿ.ಮೀ. ದಪ್ಪ ಬರುತ್ತದೆ.

ಅಟ್ಯಾಚ್‌ಮೆಂಟ್ ಬಂದಿದ್ದು ತಿಳಿದು ಬಂದೂಕಿನ ನಳಿಗೆಗೂ ಟೇಪರ್ ಮಾಡಿಕೊಡ್ತೀರಾ ಅಂತ ಕೆಲವರು ಕೇಳಿದ್ದಾರೆ. ಇಲ್ಲ. ಅದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕು, ನಮ್ಮಲ್ಲಿ ಇಲ್ಲ.

ನಮ್ಮ ಹಳೆಯ ಶಾಫ್ಟ್‌ಗಳು ನಿಮ್ಮ ಸ್ಟೋರ್‌ನಲ್ಲಿದ್ದರೆ ಒಮ್ಮೆ ನೀಲಿ ಬಳಿದು ನೋಡಿ. ಸಣ್ಣ ತುದಿಯಲ್ಲಿ ಮಾತ್ರ ಮುಟ್ಟುತ್ತಿದ್ದರೆ ಕಳಿಸಿಕೊಡಿ. ದುಡ್ಡು ತೆಗೆದುಕೊಳ್ಳದೆ ಸರಿಮಾಡಿ ಕೊಡುತ್ತೇವೆ, ಸಾಗಾಟದ ಖರ್ಚೂ ನಮ್ಮದೇ.

ಇಂತಿ,
ವರ್ಕ್‌ಶಾಪ್ ಬಳಗ, ಪೀಣ್ಯ, ಬೆಂಗಳೂರು