ಫಾರ್ಮ್ಯಾಟ್ ಮಾಡುವಾಗಲೇ ಈ ಬೀಗವನ್ನೂ ಹಾಕಿಕೊಡಿ

ಸಂಪಾದಕರಿಗೆ,

ಸೈಬರ್ ವಂಚನೆಯ ಸುದ್ದಿ ಇಲ್ಲದ ದಿನವೇ ಇಲ್ಲ. ಕೊನೆಗೆ ಬರುವ ಬುದ್ಧಿಮಾತೂ ಒಂದೇ: ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಆಂಟಿವೈರಸ್ ಹಾಕಿಸಿ. ಹಾಕಿಸೋಣ. ಆದರೆ ಆಂಟಿವೈರಸ್ ಜಾಸ್ತಿ ನಂಬುವುದು ಠಾಣೆಯ ಗೋಡೆಗೆ ಅಂಟಿಸಿದ ಕಳ್ಳರ ಫೋಟೊದಂಥ, ಈಗಾಗಲೇ ಗೊತ್ತಿರುವ ವೈರಸ್‌ಗಳ ಪಟ್ಟಿಯನ್ನು. ಈಗಿನವು ನಡವಳಿಕೆಯನ್ನೂ ನೋಡುತ್ತವೆ, ನಿಜ. ಆದರೂ ಹೊಸ ಕಳ್ಳ ನುಸುಳುವುದು ತಪ್ಪಿಲ್ಲ.

ವೈಟ್‌ಲಿಸ್ಟಿಂಗ್ ಅಂತ ಇನ್ನೊಂದು ದಾರಿ ಇದೆ. ಕೆಟ್ಟದ್ದು ಯಾವುದು ಅಂತ ಹುಡುಕುತ್ತಾ ಕೂರುವುದಲ್ಲ, ಒಪ್ಪಿದ ಪ್ರೋಗ್ರಾಮ್ ಮಾತ್ರ ಓಡಬೇಕು, ಉಳಿದದ್ದು ಏನೇ ಇರಲಿ, ಬೇಡ. ಆಫೀಸುಗಳಲ್ಲಿ ಇದು ತಲೆನೋವು, ಅಲ್ಲಿ ನೂರೆಂಟು ಸಾಫ್ಟ್‌ವೇರ್. ಮನೆಯಲ್ಲಿ ಎಷ್ಟಿರುತ್ತವೆ ಹೇಳಿ? ಕ್ರೋಮ್, ವರ್ಡ್, ಕನ್ನಡ ಟೈಪಿಂಗಿಗೆ ನುಡಿ, ದುಬೈಯಲ್ಲಿರುವ ಮಕ್ಕಳ ಹತ್ತಿರ ಮಾತಾಡಲು ಒಂದು ವಿಡಿಯೊ ಕಾಲ್, ಅಂಗಡಿ ಇದ್ದವರಿಗೆ ಟ್ಯಾಲಿ. ಮುಗೀತು.

ಉಡುಪಿ, ಮಣಿಪಾಲದಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಕೊಡುವ ಸಮಯದಲ್ಲಿ ಜೆರಾಕ್ಸ್ ಅಂಗಡಿಗೆ ಹೋಗಿ ನೋಡಿ, ಒಂದೇ ಕಂಪ್ಯೂಟರಿಗೆ ದಿನವಿಡೀ ಊರವರ ಪೆನ್‌ಡ್ರೈವ್. ಮನೆಗೆ ತಂದು ತೆರೆದರೆ ಫೋಲ್ಡರಿನ ಮೂಲೆಯಲ್ಲಿ ಸಣ್ಣ ಬಾಣ, ಸೈಜ್ ನೋಡಿದರೆ ಒಂದೆರಡು ಕೆಬಿ. ಅಸಲಿ ಫೋಲ್ಡರನ್ನು ಅಡಗಿಸಿ ಅದರ ಹೆಸರಲ್ಲಿ ವೈರಸ್ ಶಾರ್ಟ್‌ಕಟ್ ಕೂರಿಸಿರುತ್ತದೆ. ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಹಿಂದಿನಿಂದ ವೈರಸ್ಸೂ ಓಡುತ್ತದೆ, ಹಾಗಾಗಿ ಯಾರಿಗೂ ಅನುಮಾನವೇ ಬರುವುದಿಲ್ಲ. ವೈಟ್‌ಲಿಸ್ಟಿಂಗಿನಲ್ಲಿ ಪೆನ್‌ಡ್ರೈವಿನಿಂದ, ಡೌನ್‌ಲೋಡ್ಸ್ ಫೋಲ್ಡರಿನಿಂದ ಏನೂ ಓಡಕೂಡದು ಅಂತ ನಿಯಮ ಹಾಕಿದ್ದರೆ ಇಂಥವು ಹೆಚ್ಚಿನವು ಅಲ್ಲೇ ನಿಲ್ಲುತ್ತವೆ.

ವಿಂಡೋಸ್ 11ರಲ್ಲಿ 2022ರಿಂದ ಸ್ಮಾರ್ಟ್ ಆ್ಯಪ್ ಕಂಟ್ರೋಲ್ ಅಂತ ಹೆಚ್ಚುಕಡಿಮೆ ಇದೇ ಕೆಲಸ ಮಾಡುವ ಸೌಲಭ್ಯ ಪುಕ್ಕಟೆ ಇದೆ. ಒಂದು ತೊಂದರೆ, ಒಳ್ಳೆಯದು ಯಾವುದು ಅಂತ ತೀರ್ಮಾನಿಸುವುದು ಮೈಕ್ರೋಸಾಫ್ಟ್, ನಾವಲ್ಲ. ಮಾಡಿದವರು ಯಾರು ಅಂತ ತೋರಿಸುವ ಡಿಜಿಟಲ್ ಸಹಿ ಇಲ್ಲದ, ಹೆಚ್ಚು ಜನ ಬಳಸದ ಸಣ್ಣ ಸಾಫ್ಟ್‌ವೇರಿಗೆ ತಡೆ ಬೀಳಬಹುದು. ಪಟ್ಟಿ ನಮ್ಮದೇ ಇರಲಿ ಅಂದರೆ ಬೇರೆ ಸಾಫ್ಟ್‌ವೇರ್ ಬೇಕು. ಅದು ಶುರುವಿನಲ್ಲಿ ಪ್ರತಿಯೊಂದಕ್ಕೂ ಬಿಡಲಾ ಬೇಡವಾ ಅಂತ ಕೇಳುತ್ತದೆ. ಕಿರಿಕಿರಿಯಾಗಿ ಎಲ್ಲದಕ್ಕೂ ಯೆಸ್ ಒತ್ತುವವರು ಸುಮ್ನೆ ಹಾಕಿಸಿಕೊಳ್ಳಬೇಡಿ.

ಒಟಿಪಿ ಕೇಳಿ ದುಡ್ಡು ಹೊಡೆಯುವವರನ್ನು ಇದು ತಡೆಯುವುದಿಲ್ಲ. ಅಲ್ಲಿ ಓಡುವುದು ಪ್ರೋಗ್ರಾಮ್ ಅಲ್ಲ, ಮಾತು. ದುಡ್ಡು ಹೋದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಅಷ್ಟೆ.

ವೈಟ್‌ಲಿಸ್ಟಿಂಗ್ ಹಾಕುವಾಗ ಕಂಪ್ಯೂಟರ್ ಕ್ಲೀನ್ ಇರಬೇಕು. ಇಲ್ಲವಾದರೆ ಮೊದಲೇ ಒಳಗೆ ಕೂತ ವೈರಸ್ಸೂ ಪಟ್ಟಿಗೆ ಸೇರಿಬಿಡಬಹುದು. ಅಂದರೆ ಹೊಸದಾಗಿ ಫಾರ್ಮ್ಯಾಟ್ ಮಾಡಿದ ಹೊತ್ತೇ ಸರಿಯಾದ ಹೊತ್ತು. ನಮ್ಮ ಊರಿನ ಕಂಪ್ಯೂಟರ್ ಅಂಗಡಿಯವರು ಆಗಲೇ ಇದನ್ನು ಆನ್ ಮಾಡಿ, ಮಕ್ಕಳಿಗೆ ಅಡ್ಮಿನ್ (ಪೂರ್ತಿ ಅಧಿಕಾರ ಇರುವ) ಅಲ್ಲದ ಬೇರೆ ಅಕೌಂಟ್ ಮಾಡಿಕೊಡಬಹುದು ಅಲ್ವಾ? ಕ್ರ್ಯಾಕ್ ಮಾಡಿದ, ಅಂದರೆ ಕದ್ದ, ಎಂಎಸ್ ಆಫೀಸ್ ಹಾಕಿಕೊಡುವವರಿಗೆ ಮಾತ್ರ ಕಷ್ಟ, ಮೊದಲು ತಡೆ ಬೀಳುವುದು ಅದಕ್ಕೇ.

– ಒಬ್ಬ ಓದುಗ, ಕುಂಜಿಬೆಟ್ಟು, ಉಡುಪಿ