ಮತ್ತೊಮ್ಮೆ ಹೋಗಿ ನೋಡು: ಮಗಳಿಗೊಂದು ಪತ್ರ

ಕಲಬುರಗಿ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಒಪಿಡಿ ನಡೆದಿತ್ತು, ಎದುರಿಗೆ ಜನ ನಿಂತಿದ್ದರು. "ಅವ್ವಾ, ಅದೇ ಜ್ವರ, ಅದೇ ಶುಗರ್, ಅದೇ ಬಿಪಿ. ಇಷ್ಟು ವರ್ಷ ನಿನಗೆ ಬೇಜಾರಾಗಲಿಲ್ವಾ?" ಅಂತ ಕೇಳಿದೆ. ಹುಬ್ಬಳ್ಳಿಯಲ್ಲಿ ಜನರಲ್ ಮೆಡಿಸಿನ್ ಸೀಟು ಸಿಕ್ಕಿ, ಇನ್ನೇನು ವಾರ್ಡಿಗೆ ಕಾಲಿಡಬೇಕಾದವಳು ಕೇಳಲೇಬೇಕಾದ ಪ್ರಶ್ನೆ ಅದು.

ಬೇಜಾರಾಗಲಿಲ್ಲ. ಯಾಕೆ ಅಂತ ನಿಧಾನವಾಗಿ ಬರೆಯುತ್ತೇನೆ.

ನಾನು ಎಂ.ಆರ್. ಮೆಡಿಕಲ್ ಕಾಲೇಜಿನಲ್ಲಿ ಓದುವಾಗ ಈ ಊರಿಗೆ ಇದ್ದದ್ದು ಅದೊಂದೇ ಮೆಡಿಕಲ್ ಕಾಲೇಜು, 1963ರಲ್ಲಿ ಶುರುವಾದದ್ದು. ಮೆಡಿಸಿನ್‌ನಲ್ಲಿ ಎಂ.ಡಿ. ಮಾಡುತ್ತೇನೆ ಅಂದಾಗ ನಿನ್ನ ಅಜ್ಜಿಗೆ ಆಶ್ಚರ್ಯ. ಹೆಣ್ಣುಮಕ್ಕಳು ಹೆರಿಗೆ ಡಾಕ್ಟರ್ ಆಗುವುದಷ್ಟೇ ಅವರು ಕಂಡಿದ್ದು. ಇವತ್ತಿಗೂ ಆಳಂದ, ಚಿಂಚೋಳಿ ಕಡೆಯಿಂದ ಬಂದವರು ನನ್ನನ್ನು ನೋಡಿ "ಎಂ.ಡಿ. ಡಾಕ್ಟರ್ ಎಲ್ಲಿ ಅದಾರ್ರಿ?" ಅಂತ ಕೇಳುತ್ತಾರೆ. ನಾನೇ ಅಂತ ಹೇಳಿ ಕೂರಿಸುತ್ತೇನೆ. ಆಮೇಲೆ ಅವರ ಮನೆಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ನನ್ನ ಹತ್ತಿರವೇ ಬರುತ್ತಾರೆ.

ಈ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ನಂಬಿದ್ದು ಎರಡನೇ ಸಲ ಹೋಗಿ ನೋಡುವುದನ್ನು. ಬೆಳಗಿನ ರೌಂಡ್ ಎಲ್ಲರೂ ಮಾಡುತ್ತಾರೆ. ಸಂಜೆ ಮತ್ತೆ ಅದೇ ಮಂಚದ ಹತ್ತಿರ ಹೋಗಿ ನಿಲ್ಲುವವರು ಕಡಿಮೆ. ಬೆಳಿಗ್ಗೆ ಕಂಡ ಕಾಯಿಲೆ ಸಂಜೆಗೆ ಬೇರೆ ಮುಖ ತೋರಿಸಿರುತ್ತದೆ. ರೋಗಿಯೂ ಅಷ್ಟೇ. ಅತ್ತೆ ಪಕ್ಕದಲ್ಲಿದ್ದಾಗ ಸುಮ್ನೆ ತಲೆ ಬಗ್ಗಿಸಿ ಕೂತ ಸೊಸೆ, ಅತ್ತೆ ಊಟಕ್ಕೆ ಕೆಳಗೆ ಹೋದಾಗ ಬಾಯಿ ಬಿಡುತ್ತಾಳೆ. ನೀನು ಸಣ್ಣವಳಿದ್ದಾಗ ಸಂಜೆ ರೌಂಡಿಗೆ ನಿನ್ನನ್ನೂ ಕರೆದುಕೊಂಡು ಹೋಗುತ್ತಿದ್ದೆ, ನೀನು ಸಿಸ್ಟರ್‌ಗಳ ಮೇಜಿನ ಹತ್ತಿರ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಆಗ ನಾನು ಒಳಗೆ ಮಾಡುತ್ತಿದ್ದದ್ದು ಇದನ್ನೇ.

ಹಾವು ಕಡಿದವರ ವಿಷಯ ತಗೋ. ಮಳೆ ಶುರುವಾದ ಮೇಲೆ ನಮ್ಮ ಕಡೆ ಅವರು ಬರುತ್ತಲೇ ಇರುತ್ತಾರೆ. ಹೊಲದಲ್ಲಿ ಕಳೆ ಕೀಳುವವರು, ರಾತ್ರಿ ನೀರು ಬಿಡಲು ಹೋದವರು, ನೆಲದ ಮೇಲೆ ಮಲಗಿದ ಮಕ್ಕಳು. ಮಂಡಲದ ಹಾವು ಕಡಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅದನ್ನು ತಿಳಿಯಲು ದೊಡ್ಡ ಮಷಿನ್ ಬೇಡ. ಒಣಗಿದ, ಹೊಸ ಗಾಜಿನ ಟ್ಯೂಬಿನಲ್ಲಿ ಎರಡು ಎಂ.ಎಲ್. ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಒಂದೇ ಸಲ ವಾಲಿಸಿ ನೋಡಬೇಕು. ಹರಿದರೆ ವಿಷ ಏರಿದೆ ಅಂತ. ಟ್ಯೂಬನ್ನು ಸೋಪಿನಲ್ಲಿ ತೊಳೆದಿದ್ದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಹೋಗಬಹುದು, ಪ್ಲಾಸ್ಟಿಕ್ ಟ್ಯೂಬಂತೂ ಬೇಡವೇ ಬೇಡ. ಇದನ್ನು ನಾನು ಪ್ರತಿ ಬ್ಯಾಚಿನ ಹುಡುಗರಿಗೂ ಹೇಳಿದ್ದೇನೆ. ಆ 20 ನಿಮಿಷ ನೀನು ಅಲ್ಲೇ ಇರು. ವಿಷ ಇಳಿಸುವ ಔಷಧಿ ಕೊಟ್ಟು ಆರು ಗಂಟೆ ಕಳೆದ ಮೇಲೆ ಇನ್ನೊಮ್ಮೆ ಇದೇ ಪರೀಕ್ಷೆ ಮಾಡಬೇಕು. ಆಗ ನಡುರಾತ್ರಿ ಆಗಿರುತ್ತದೆ, ನಿನಗೆ ಕಣ್ಣು ಎಳೆಯುತ್ತಿರುತ್ತದೆ. ಆದರೂ ಎದ್ದು ಹೋಗು.

ಕಟ್ಟುಹಾವಿನದು ಇನ್ನೂ ಮೋಸದ ಕಡಿತ. ಕಡಿದದ್ದೇ ಗೊತ್ತಾಗುವುದಿಲ್ಲ. ಗಾಯವೂ ಕಾಣುವುದಿಲ್ಲ. ನಸುಕಿನಲ್ಲಿ ಎದ್ದವರು "ಹೊಟ್ಟಿ ಬ್ಯಾನಿ ಆಗ್ಯಾದ್ರಿ" ಅಂತ ಬರುತ್ತಾರೆ. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ ರೆಪ್ಪೆ ಜೋತು ಬಿದ್ದಿರುತ್ತದೆ, ಮಾತು ತೊದಲುತ್ತಿರುತ್ತದೆ. ಮಳೆಗಾಲದಲ್ಲಿ ನೆಲದ ಮೇಲೆ ಮಲಗಿ ಎದ್ದವರು ಹೊಟ್ಟೆನೋವು ಅಂದರೆ ಮೊದಲು ಅವರ ಕಣ್ಣು ನೋಡು. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಬಹಳ ಮೊದಲೇ ಆಗಬೇಕಿತ್ತು. ಹೊಲದಲ್ಲಿ ಸಾಯುವವರ ಲೆಕ್ಕ ಇಡುವುದಕ್ಕೆ ನಾವು ಇಷ್ಟು ತಡ ಮಾಡಿದ್ದು ನನಗೆ ಇವತ್ತಿಗೂ ನೋವಿನ ವಿಷಯ.

ತೊಗರಿಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಕಾಲದಲ್ಲಿ ವಿಷ ಒಳಗೆ ಹೋದವರು ಬರುತ್ತಾರೆ. ಕೆಲವರಿಗೆ ಹೊಡೆಯುವಾಗ ಮೈಮೇಲೆ ಬಿದ್ದು, ಕೆಲವರಿಗೆ ಬೇರೆ ದುಃಖದಿಂದ. ನೀನೂ ಇಂಟರ್ನ್‌ಶಿಪ್‌ನಲ್ಲಿ ನೋಡಿದ್ದೀಯ. ಸೂಜಿಮೊನೆಯಷ್ಟು ಸಣ್ಣಗಾದ ಕಣ್ಣಪಾಪೆ, ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ. ಆ ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಡುತ್ತಾ, ಐದೈದು ನಿಮಿಷಕ್ಕೆ ದುಪ್ಪಟ್ಟು ಮಾಡುತ್ತಾ, ಎದೆ ಒಣಗುವವರೆಗೆ ಮಂಚ ಬಿಟ್ಟು ಕದಲಬಾರದು. ಇಷ್ಟು ಎಲ್ಲರಿಗೂ ಗೊತ್ತು. ಜನ ಮರೆಯುವುದು ಆಮೇಲಿನದನ್ನು. ಎರಡನೇ ದಿನ ರೋಗಿ ಎದ್ದು ಕೂತು ಗಂಜಿ ಕುಡಿಯುತ್ತಾನೆ, ಮನೆಯವರು ಕೈಮುಗಿಯುತ್ತಾರೆ. ವಿಷ ಹೋದ ಒಂದರಿಂದ ನಾಲ್ಕು ದಿನದ ಒಳಗೆ ಅದೇ ಮನುಷ್ಯನ ಕುತ್ತಿಗೆ ಸೋಲುತ್ತದೆ, ಹಿಂದೆಯೇ ಉಸಿರೂ ಸೋಲುತ್ತದೆ. ಶ್ರೀಲಂಕಾದ ವೈದ್ಯರು ಇದನ್ನು 1987ರಲ್ಲಿ ವಿವರಿಸಿದ್ದರು. ನಮ್ಮಂಥದ್ದೇ ಹೊಲಗದ್ದೆಯ ನಾಡು ಅದು. ಹಾಗಾಗಿ ಪ್ರತಿ ಸಲ ಮಂಚದ ಹತ್ತಿರ ಹೋದಾಗ ಒಂದೇ ಮಾತು ಹೇಳು: "ದಿಂಬಿನಿಂದ ತಲೆ ಎತ್ತಪ್ಪ." ಎತ್ತಲು ಆಗದಿದ್ದರೆ ವೆಂಟಿಲೇಟರ್ ತಯಾರಿಡು. ಅದಕ್ಕೆ ಅರ್ಧ ನಿಮಿಷ ಸಾಕು. ಬೇರೆ ದುಃಖದಿಂದ ಬಂದವರ ಹತ್ತಿರ ಇನ್ನೂ ಸ್ವಲ್ಪ ಹೊತ್ತು ಕೂರು. ಯಾಕೆ ಹೀಗಾಯಿತು ಅಂತ ಗದರಬೇಡ. ಮನೋವೈದ್ಯರನ್ನು ಕರೆಸದೆ ಯಾರನ್ನೂ ಮನೆಗೆ ಕಳಿಸಬೇಡ.

ಡೆಂಗಿಯಲ್ಲೂ ಅಷ್ಟೇ. ಜ್ವರ ಬಿಟ್ಟಿತು ಅಂತ ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತಿಗೇ ಕೆಲವರಿಗೆ ಅಪಾಯ ಶುರುವಾಗುತ್ತದೆ, ರಕ್ತನಾಳದಿಂದ ನೀರು ಸೋರುತ್ತದೆ. ಮನೆಯವರು ಪ್ಲೇಟ್‌ಲೆಟ್ ಎಷ್ಟು ಅಂತಷ್ಟೇ ಕೇಳುತ್ತಾರೆ. ನೀನು ನಾಡಿ, ಬಿಪಿ, ಮೂತ್ರ, ಹೊಟ್ಟೆನೋವು ನೋಡು.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮ ಊರಿನದು. 76 ವರ್ಷದ ಹಿರಿಯರು. 10ನೇ ತಾರೀಖು ತೀರಿಕೊಂಡರು, 12ಕ್ಕೆ ಕೋವಿಡ್ ಅಂತ ಖಚಿತವಾಯಿತು. ಬಜಾರ್ ಬಂದ್ ಆಯಿತು, ಬೇರೆ ಊರಿನವರು ಕಲಬುರಗಿ ಅಂದರೆ ಹೆದರುವಂತಾಯಿತು. ನೀನು ಆಗ ನನ್ನನ್ನು ಮನೆಯೊಳಗೆ ದೂರದಿಂದಲೇ ನೋಡುತ್ತಿದ್ದೆ. ಆ ರೋಗ ನನಗೆ ಹೇಳಿಕೊಟ್ಟದ್ದೂ ಇದನ್ನೇ. ಫೋನಿನಲ್ಲಿ ನಗುತ್ತಾ ಮಾತಾಡುತ್ತಿದ್ದ ಹುಡುಗನ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ರಕ್ತದ ಆಮ್ಲಜನಕ ಎಂಬತ್ತರ ಹತ್ತಿರಕ್ಕೆ ಇಳಿದದ್ದು ತೋರಿಸುತ್ತಿತ್ತು. ಮೊದಲ ವಾರ ಚೆನ್ನಾಗಿದ್ದವರು ಎರಡನೇ ವಾರಕ್ಕೆ ಕುಸಿಯುತ್ತಿದ್ದರು. ಪಿಪಿಇ ಹಾಕಿಕೊಂಡು, ಬೆವರಿನಲ್ಲಿ ತೊಯ್ದು, ಕನ್ನಡಕ ಮಂಜಾಗಿ, ಮತ್ತೆ ಮತ್ತೆ ಅದೇ ಮಂಚಗಳಿಗೆ ಹೋಗುವುದೊಂದೇ ದಾರಿಯಾಗಿತ್ತು. ಜೊತೆಗಿದ್ದ ಸಿಸ್ಟರ್‌ಗಳು, ಕಸ ಗುಡಿಸುವ ಅಮ್ಮಂದಿರು ನಮ್ಮಷ್ಟೇ ಸಲ ಒಳಗೆ ಹೋಗಿದ್ದಾರೆ. ಅವರಿಗೆ ಸಿಗಬೇಕಾದ ಮರ್ಯಾದೆ ಸಿಗಲಿಲ್ಲ ಅಂತ ನನಗೆ ಸಿಟ್ಟಿದೆ.

ಇದೆಲ್ಲ ನಿಮಿಷ, ಗಂಟೆ, ದಿನಗಳ ಮಾತು. ನನ್ನನ್ನು ಈ ಊರಿನಲ್ಲಿ ಹಿಡಿದಿಟ್ಟದ್ದು ವರ್ಷಗಟ್ಟಲೆ ಬರುವವರು.

ಟಿಬಿಗೆ ಆರು ತಿಂಗಳ ಮಾತ್ರೆ. ಎರಡು ತಿಂಗಳಿಗೇ ಕೆಮ್ಮು ನಿಲ್ಲುತ್ತದೆ, ಮೈ ತುಂಬುತ್ತದೆ. ಅಷ್ಟರಲ್ಲಿ ಮುಂಬೈಗೋ ಪುಣೆಗೋ ದುಡಿಯಲು ಹೊರಟಿರುತ್ತಾರೆ. ಕೆಲವರು ಮೊದಲ ವಾರವೇ ಮಾತ್ರೆ ಬಿಡುತ್ತಾರೆ, ಮೂತ್ರ ಕೆಂಪಗೆ ಬಂತು ಅಂತ ಹೆದರಿ. ಮಾತ್ರೆ ಬರೆಯುವಾಗಲೇ "ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ" ಅಂತ ಹೇಳಿಬಿಟ್ಟರೆ ಎಷ್ಟೋ ಜನ ಉಳಿಯುತ್ತಾರೆ. ಊರು ಬಿಡುವವರಿಗೆ ಅಲ್ಲಿನ ಸರ್ಕಾರಿ ಕೇಂದ್ರಕ್ಕೆ ವರ್ಗ ಮಾಡಿಕೊಡು. ಪೌಷ್ಟಿಕ ಆಹಾರಕ್ಕೆ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ಕೊನೆಗೆ ಅದು 1000 ಆಯಿತು. ಆ ದುಡ್ಡು ಖಾತೆಗೆ ಬಂತಾ ಅಂತ ಕೇಳುವುದೂ ಡಾಕ್ಟರ್ ಕೆಲಸವೇ.

ಎಚ್‌ಐವಿ ವಿಷಯ ನೆನೆದರೆ ಈಗಲೂ ಎದೆ ಭಾರವಾಗುತ್ತದೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಅವರನ್ನು ಅಡ್ಮಿಟ್ ಮಾಡುವುದೇ ಜಗಳ. ಅವರ ಟಿಬಿಗೆ, ಭೇದಿಗೆ, ಬಾಯಿಹುಣ್ಣಿಗೆ ಔಷಧಿ ಕೊಡುತ್ತಿದ್ದೆವು. ವೈರಸ್ಸಿಗೇ ಇದ್ದ ಮಾತ್ರೆ ಬಡವರ ಕೈಗೆ ಎಟುಕುತ್ತಿರಲಿಲ್ಲ. ಮೊದಲು ಲಾರಿ ಓಡಿಸುವವರು ಬಂದರು, ಅವರು ಹೋದ ಮೇಲೆ ಅವರ ಹೆಂಡಂದಿರು ಬಂದರು. 2004ರ ಏಪ್ರಿಲ್‌ನಲ್ಲಿ ಸರ್ಕಾರ ಆ ಮಾತ್ರೆಗಳನ್ನೇ, ಅಂದರೆ ಎ.ಆರ್.ಟಿ.ಯನ್ನು, ಉಚಿತವಾಗಿ ಕೊಡಲು ಶುರು ಮಾಡಿತು. ನಮ್ಮ ಕಡೆಗೆ ಬರಲು ಇನ್ನಷ್ಟು ಕಾಲ ಹಿಡಿಯಿತು. ಬಂದ ಮೇಲೆ ಬದುಕಿದವರನ್ನು ನಾನು ಕಣ್ಣಾರೆ ಕಂಡೆ. ಆಗ ಮೂಳೆ ಚಕ್ಕಳವಾಗಿದ್ದ ಒಬ್ಬಾಕೆ ಈಗ ಮೊಮ್ಮಗನನ್ನು ಎತ್ತಿಕೊಂಡು ಒಪಿಡಿಗೆ ಬರುತ್ತಾಳೆ. ಬರುವುದು ಬಿಪಿ ತೋರಿಸಲು. ನೀನು "ಅದೇ ಬಿಪಿ" ಅಂದೆಯಲ್ಲ, ಅವಳ ಬಿಪಿ ನೋಡುವಾಗ ನನಗಾಗುವ ಸಂತೋಷ ಹೇಳಲು ಬರುವುದಿಲ್ಲ.

ಶುಗರ್ ಇರುವವರ ಪಾದ ನೋಡದೆ ಕಳಿಸಬೇಡ. ನಮ್ಮ ಊರಿನ ಮೇ ತಿಂಗಳು ನಿನಗೆ ಗೊತ್ತು, 42 ಡಿಗ್ರಿ ದಾಟುತ್ತದೆ. ಚಪ್ಪಲಿ ಹೊರಗೆ ಬಿಟ್ಟು ಶರಣಬಸವೇಶ್ವರ ಗುಡಿಯ ಅಂಗಳದಲ್ಲೋ, ಬಂದೇನವಾಜ್ ದರ್ಗಾದಲ್ಲೋ ಮಧ್ಯಾಹ್ನದ ಕಲ್ಲಿನ ಮೇಲೆ ನಡೆದು ಬರುತ್ತಾರೆ. ಅಂಗಾಲು ಸುಟ್ಟು ಬೊಬ್ಬೆ ಎದ್ದಿರುತ್ತದೆ, ಅವರಿಗೆ ಗೊತ್ತೇ ಇರುವುದಿಲ್ಲ. ನರಕ್ಕೆ ಸ್ಪರ್ಶ ಹೋಗಿರುತ್ತದೆ. ದೇವರ ಹತ್ತಿರ ಹೋಗಬೇಡಿ ಅಂತ ನಾನು ಯಾರಿಗೂ ಹೇಳಿಲ್ಲ. ಬೆಳಿಗ್ಗೆ ಎಂಟರೊಳಗೆ ಹೋಗಿ, ಕಾಲುಚೀಲ ಹಾಕಿಕೊಳ್ಳಿ ಅಂತ ಹೇಳುತ್ತೇನೆ. ಊಟದ ಮಾತಿಗೂ ಹೀಗೇ. "ಅನ್ನ ಬಿಟ್ಟೀನ್ರಿ, ಬರೀ ರೊಟ್ಟಿ" ಅನ್ನುತ್ತಾರೆ. ಒಂದು ಹೊತ್ತಿಗೆ ಎಷ್ಟು ರೊಟ್ಟಿ ಅಂತ ಕೇಳು. ಜೋಳ ಒಳ್ಳೆಯದೇ, ಆದರೆ ಲೆಕ್ಕ ಬೇಕಲ್ವಾ.

ಹಿಂದೆ ಹೃದಯಾಘಾತವಾದವರನ್ನು ಸೊಲ್ಲಾಪುರಕ್ಕೋ ಹೈದರಾಬಾದ್‌ಗೋ ಕಳಿಸುತ್ತಿದ್ದೆವು. ದಾರಿಯಲ್ಲೇ ಹೋದವರು ಎಷ್ಟೋ. 2008ರಲ್ಲಿ 108 ಆಂಬುಲೆನ್ಸ್ ಬಂತು. ಈಗ ಜಯದೇವ ಹೃದ್ರೋಗ ಸಂಸ್ಥೆ ಇಲ್ಲೇ ಇದೆ. ನಗರದಲ್ಲೇ ನಾಲ್ಕು ಮೆಡಿಕಲ್ ಕಾಲೇಜು, ಬೀದರ್, ಯಾದಗಿರಿಯಲ್ಲೂ ಸರ್ಕಾರಿ ಕಾಲೇಜು. ಇದರಿಂದ ನನಗೆ ತುಂಬ ಖುಷಿ. ಇದರ ಜೊತೆಗೇ ಬಂದ ಇನ್ನೊಂದು ಚಟದಿಂದ ಖುಷಿಯಿಲ್ಲ. ಕೈ ಮುಟ್ಟುವ ಮೊದಲೇ ಇಪ್ಪತ್ತು ಟೆಸ್ಟ್ ಬರೆಯುವುದು. ಅಫಜಲಪುರದಿಂದ ಬಂದ ರೈತನ ಜೇಬಿನಲ್ಲಿರುವುದು ತೊಗರಿ ಮಾರಿದ ದುಡ್ಡು, ಅದು ವರ್ಷಕ್ಕೊಮ್ಮೆ ಬರುತ್ತದೆ. ಈ ರಿಪೋರ್ಟ್ ಬಂದರೆ ನಾನು ಕೊಡುವ ಔಷಧಿ ಬದಲಾಗುತ್ತದಾ ಅಂತ ಕೇಳಿಕೋ. ಬದಲಾಗುವುದಿಲ್ಲ ಅಂದರೆ ಬರೆಯಬೇಡ.

ಸಾವಿನ ಸುದ್ದಿ ಹೇಳುವುದು ಯಾರೂ ಕಲಿಸದ ಕೆಲಸ. ನಿಂತುಕೊಂಡು, ಕಾರಿಡಾರ್‌ನಲ್ಲಿ ಹೇಳಬೇಡ. ಕೂರಿಸು, ನೀನೂ ಕೂರು. "ತೀರಿಕೊಂಡರು" ಅಂತ ನೇರವಾಗಿ ಹೇಳು. ಆ ಮಾತಿನ ಆಮೇಲೆ ನೀನು ಹೇಳುವ ಯಾವುದೂ ಅವರ ಕಿವಿಗೆ ಬೀಳುವುದಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಹೋಗು. ಅವರ ಪ್ರಶ್ನೆಗಳು ಆಗ ಬರುತ್ತವೆ. ಮೊದಲ ಸಲ ಕೂಗಾಡಿದ ಅಣ್ಣನೇ ಎರಡನೇ ಸಲ ಹೋದಾಗ ಕೈ ಹಿಡಿದು ಅತ್ತದ್ದನ್ನು ನಾನು ನೋಡಿದ್ದೇನೆ.

ಪಿ.ಜಿ.ಯ ಮೂರು ವರ್ಷ ನಿನ್ನ ಮೈ ದಣಿಯುತ್ತದೆ. ಊಟ ತಪ್ಪಿಸಬೇಡ. ಜೊತೆಯವರಿಗೆ ಜ್ವರ ಬಂದರೆ ಅವರ ಡ್ಯೂಟಿ ನೀನು ಮಾಡು, ನಿನಗೆ ಬಂದಾಗ ಅವರನ್ನು ಕೇಳಲು ನಾಚಬೇಡ. ನೈಟ್ ಡ್ಯೂಟಿ ಮುಗಿಸಿ ಸ್ಕೂಟಿ ಓಡಿಸಬೇಡ, ಆಟೋ ಹಿಡಿ.

ಭಾನುವಾರ ನಿನ್ನ ಅಪ್ಪ ಹುಬ್ಬಳ್ಳಿಗೆ ಬರುತ್ತಾರೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಕಾಟನ್ ಸಲ್ವಾರ್ ಎರಡು ಕಳಿಸುತ್ತಿದ್ದೇನೆ. ರೊಟ್ಟಿ ಡಬ್ಬಿ ಹಾಸ್ಟೆಲ್ ಗೆಳತಿಯರಿಗೂ ಸೇರಿಸಿ ಕಟ್ಟಿದ್ದೇನೆ. ಮೊದಲ ಅಡ್ಮಿಷನ್ ಡ್ಯೂಟಿ ಯಾವತ್ತು ಅಂತ ಗೊತ್ತಾದ ಕೂಡಲೇ ತಿಳಿಸು. ಆ ರಾತ್ರಿ ಫೋನ್ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ, ಯಾವ ಹೊತ್ತಿಗಾದರೂ ಮಾಡು.

ನಿನ್ನ,
ಅವ್ವ