ಕಂಪ್ಯೂಟರ್ ಪಾಠ ‘ಅಡಿಕೆ’ಯಿಂದ ಶುರುವಾಗಲಿ

ಮಾನ್ಯರೆ,

ಅರವತ್ತು ದಾಟಿದವರು ಕಂಪ್ಯೂಟರ್ ಕಲಿಯಲು ಕೂತರೆ ಮೊದಲ ದಿನವೇ ಸಿಪಿಯು ಎಂದರೇನು, ರ‍್ಯಾಮ್ ಎಂದರೇನು ಎಂದು ಬರೆಸುವ ಚಾಳಿ ನಮ್ಮ ಕಡೆ ಇನ್ನೂ ಹೋಗಿಲ್ಲ. ಪಹಣಿ ತೆಗೆಯಲು, ಸೊಸೈಟಿಗೊಂದು ಅರ್ಜಿ ಬರೆಯಲು ಅದ್ಯಾವುದೂ ಬೇಡ. ಮೌಸ್ ಕೈಗೆ ಕೂರಬೇಕು, ಕನ್ನಡ ಟೈಪಿಂಗ್ ಬರಬೇಕು, ಬರೆದದ್ದು ಎಲ್ಲಿ ಸೇವ್ ಆಯಿತು ಎಂದು ತಿಳಿದಿರಬೇಕು.

ಡಬಲ್ ಕ್ಲಿಕ್ ಮಾಡುವಾಗ ಹೊಸಬರ ಕೈ ತುಸು ಜಾರುತ್ತದೆ. ಯಂತ್ರ ಅದನ್ನು ಎಳೆದದ್ದು ಎಂದುಕೊಂಡು ಒಂದು ಫೋಲ್ಡರನ್ನು ಪಕ್ಕದ್ದರೊಳಗೆ ತುರುಕಿಬಿಡುತ್ತದೆ. ಫೈಲು ಮಾಯವಾಯಿತು ಎಂಬ ಗಾಬರಿಗೆ ಎಷ್ಟೋ ಸಲ ಇಷ್ಟೇ ಕಾರಣ. ಆ ಕ್ಷಣವೇ ಕಂಟ್ರೋಲ್ ಹಿಡಿದು ಜೆಡ್ ಒತ್ತಿದರೆ ಹಿಂದಿದ್ದಲ್ಲಿಗೇ ಬರುತ್ತದೆ. ಡಬಲ್ ಕ್ಲಿಕ್ ಒಗ್ಗದವರು ಒಂದೇ ಸಲ ಕ್ಲಿಕ್ ಮಾಡಿ ಎಂಟರ್ ಒತ್ತಲಿ, ಸಾಕು.

ಟೈಪಿಂಗಿಗೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಇದೆ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಅದರ ಕೀಲಿಮಣೆಯಲ್ಲಿ ‘ಅಡಿಕೆ’ಗೆ ಐದೇ ಕೀಲಿ: ಎ, ಡಬ್ಲ್ಯು, ಐ, ಕೆ, ಇ. ‘ಮಳೆ’ಗೆ ಎಂ, ಶಿಫ್ಟ್ ಹಿಡಿದು ಎಲ್, ಆಮೇಲೆ ಇ. ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್. ಶಿವಮೊಗ್ಗದ ‘ಗ್ಗ’ ಎಂದರೆ ಜಿ, ಎಫ್, ಜಿ. ಅರ್ಕಾವತ್ತಿನಲ್ಲಿ ಎಲ್ಲರೂ ಎಡವುತ್ತಾರೆ. ತೀರ್ಥಹಳ್ಳಿ ಎಂದು ಕೈಯಲ್ಲಿ ಬರೆಯುವಾಗ ಥ ಮೊದಲು, ಅರ್ಕಾವತ್ತು ಆಮೇಲೆ. ಕೀಲಿಮಣೆಗೆ ಉಚ್ಚಾರದ ಕ್ರಮವೇ ಬೇಕು: ಮೊದಲು ಆರ್, ಎಫ್, ಬಳಿಕ ಶಿಫ್ಟ್ ಜತೆ ಟಿ.

‘ಕ’ ಒತ್ತಿದರೆ ‘ಖ’ ಬರುತ್ತಿದ್ದರೆ ಕೀಲಿಮಣೆ ಕೆಟ್ಟಿಲ್ಲ, ಕ್ಯಾಪ್ಸ್ ಲಾಕ್ ಬಿದ್ದಿದೆ. ನುಡಿಯಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಆರಿಸಿಕೊಂಡೇ ಬರೆಯಬೇಕು; ಹಳೆಯ ಫಾಂಟಿನಲ್ಲಿ ಬರೆದ ಅರ್ಜಿ, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತದೆ. ವಿಂಡೋಸ್ ಜತೆಗೇ ಬರುವ ಕನ್ನಡ ಕೀಲಿಮಣೆಗಳ ವಿನ್ಯಾಸ ಬೇರೆ. ಯಾವುದಾದರೂ ಒಂದನ್ನೇ ಕಲಿಯಿರಿ, ಎರಡನ್ನೂ ಕಲಸಿದರೆ ಒಂದೂ ಬರುವುದಿಲ್ಲ.

ಆರ್ದ್ರಾ ಮಳೆಯಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ. ಒಂದು ಸಾಲು ಬರೆದ ಕೂಡಲೇ ಕಡತಕ್ಕೊಂದು ಹೆಸರು ಕೊಟ್ಟು ‘ಡಾಕ್ಯುಮೆಂಟ್ಸ್’ನಲ್ಲಿಡಬೇಕು, ಮುಂದೆ ಪ್ರತಿ ಪ್ಯಾರಾಕ್ಕೂ ಕಂಟ್ರೋಲ್ ಜತೆ ಎಸ್. ಕರೆಂಟು ಹೋದಾಗ ಬ್ಯಾಟರಿಯಿಂದ ನಡೆಸುವ, 600 ವಿಎ ಸಾಮರ್ಥ್ಯದ ಯುಪಿಎಸ್ ಇದ್ದರೂ ಡೆಸ್ಕ್‌ಟಾಪಿಗೆ ಹತ್ತು-ಹದಿನೈದು ನಿಮಿಷ ಸಿಕ್ಕರೆ ಹೆಚ್ಚು. ಅದು ಉಳಿದದ್ದನ್ನು ಬರೆದು ಮುಗಿಸುವುದಕ್ಕಲ್ಲ, ಸೇವ್ ಮಾಡಿ ಶಟ್‌ಡೌನ್ ಕೊಡುವುದಕ್ಕೆ. ಮುಂಗಾರಿಗೆ ಮುಂಚಿನ ಗುಡುಗಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಟೆಲಿಫೋನ್ ಲೈನಿಗೆ ಸೇರಿಸಿದ ಮೋಡೆಮ್ ಇದ್ದರೆ ಆ ತಂತಿಯನ್ನೂ. ಸಿಡಿಲು ಆ ದಾರಿಯಲ್ಲೂ ಒಳಗೆ ಬರುತ್ತದೆ.

ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ‘ಅರಿವು ಕೇಂದ್ರ’ಗಳು ಈ ಕಲಿಕೆಗೆ ಒಳ್ಳೆಯ ಜಾಗ. ಕಂಪ್ಯೂಟರ್ ಇರುವಲ್ಲಿ ಬೆಳಿಗ್ಗೆ ಒಂದು ತಾಸನ್ನು ಹಿರಿಯರಿಗೆ ಬಿಡಲಿ. ಸಂಜೆ ಶಾಲೆ ಬಿಟ್ಟ ಮಕ್ಕಳ ನಡುವೆ ಅವರು ಮೌಸ್ ಮುಟ್ಟಲೂ ಸಂಕೋಚಪಡುತ್ತಾರೆ. ನುಡಿ ಕೀಲಿಮಣೆಯ ನಕ್ಷೆಯನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಪರದೆಯ ಹಿಂದಿನ ಗೋಡೆಗೆ, ಕೂತವರ ಕಣ್ಣಿನ ಎತ್ತರಕ್ಕೆ ಅಂಟಿಸಲಿ. ಪಕ್ಕದಲ್ಲಿ ಕೂರುವವರಿಗೊಂದು ಮಾತು: ದಯವಿಟ್ಟು ಅವರ ಕೈಯಿಂದ ಮೌಸ್ ಕಿತ್ತುಕೊಳ್ಳಬೇಡಿ.

— ಓದುಗರು, ತೀರ್ಥಹಳ್ಳಿ